ಕುಲಾಂದಾಳ ಬಾಯಿಗೆ ಬಾರದ ಉಕ್ಕು

'ನೊಸ್ತ್ರಿಫಿಕಾತ್ಸಿಯಾ' ಎಂಬ ಪದವನ್ನು ನಡುವೆ ಉಸಿರೆಳೆಯದೆ ಹೇಳಬಲ್ಲವನು ಸಾರಿಕೆಂತ್ ಪಟ್ಟಣದಲ್ಲಿ ಒಬ್ಬನೇ ಒಬ್ಬನಿದ್ದ. ಅವನ ಹೆಸರು ಎಸಿರ್ಕೆಪ್. ಹೊರದೇಶದಲ್ಲಿ ಪಡೆದ ಪದವಿಯನ್ನು ಕಝಾಕ್ ಸರ್ಕಾರ ತನ್ನದೆಂದು ಒಪ್ಪಿಕೊಳ್ಳುವ ಕ್ರಮಕ್ಕೆ ಆ ಹೆಸರು. ಆ ಕ್ರಮ ಏನೆಂಬುದು ಎಸಿರ್ಕೆಪ್‌ಗೆ ಪೂರ್ತಿ ತಿಳಿದಿತ್ತೆಂದು ಎದೆ ತಟ್ಟಿ ಹೇಳಲಾಗದು. ಆದರೆ ಪದವನ್ನು ಮಾತ್ರ ಅವನು ಎಷ್ಟು ಗಂಭೀರವಾಗಿ ಹೇಳುತ್ತಿದ್ದನೆಂದರೆ, ಕೇಳಿದವರು ತಾವಾಗಿಯೇ ಟೋಪಿ ತೆಗೆದು ಕುಳಿತುಕೊಳ್ಳುತ್ತಿದ್ದರು.

ಮೂವತ್ತು ವರ್ಷ ಅವನು ಶಾಲೆಯಲ್ಲಿ ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿಸಿದ್ದ. ಆ ಪಾಠವನ್ನೇ ಕಿತ್ತುಹಾಕಿದ ಮೇಲೆ, ಮಂಗೋಲಿಯಾ, ಚೀನಾಗಳಿಂದ ತಾಯ್ನೆಲಕ್ಕೆ ಮರಳಿ ಬರುವ ಕಝಾಕರಿಗೆ ಕಾಗದಪತ್ರದಲ್ಲಿ ನೆರವಾಗುವ ಅರೆಹೊತ್ತಿನ ಕೆಲಸ ಸಿಕ್ಕಿತು. ಸಂಸ್ಕೃತಿ ಭವನದ ಮೂರನೇ ಮಹಡಿಯಲ್ಲಿ, ಕುಣಿತದ ತಂಡದ ಉಡುಪು ಇಡುವ ಕೋಣೆಯನ್ನೇ ಕಚೇರಿ ಎಂದು ಕೊಟ್ಟರು. ಉಡುಪುಗಳನ್ನು ಮಾತ್ರ ಯಾರೂ ಎತ್ತಲಿಲ್ಲ. ಬಂದವರು ನರಿತೊಗಲಿನ ಟೋಪಿಗಳ ಸಾಲಿನ ಕೆಳಗೆ ಕುಳಿತು ತಮ್ಮ ಕಷ್ಟ ಹೇಳಿಕೊಳ್ಳಬೇಕು. ಬಾಗಿಲಿಗೆ ಅವನೇ ಬರೆಸಿ ಹಾಕಿದ ಹಲಗೆಯಲ್ಲಿ 'ವಿದೇಶೀ ಅರ್ಹತೆಗಳ ಮುಖ್ಯ ಸಲಹೆಗಾರ' ಎಂದಿತ್ತು. ಉಪ ಸಲಹೆಗಾರರು ಯಾರೂ ಇರಲಿಲ್ಲ. ಆ ಹಲಗೆ ಭವನದ ನಿರ್ದೇಶಕ ಸಾಯ್ಲಾವ್‌ನ ಹಲಗೆಗಿಂತ ಒಂದು ಗೇಣು ಉದ್ದವಿದ್ದುದರಿಂದ ಸಾಯ್ಲಾವ್‌ಗೆ ಅವನನ್ನು ಕಂಡರಾಗುತ್ತಿರಲಿಲ್ಲ.

ಎಸಿರ್ಕೆಪ್‌ನ ಕೆಲಸದಲ್ಲಿ ಶ್ರದ್ಧೆಗೇನೂ ಕೊರತೆಯಿರಲಿಲ್ಲ. ಉಲಾನ್‌ಬಾತರ್‌ನಿಂದ ಬಂದ ಹಲ್ಲಿನ ವೈದ್ಯನೊಬ್ಬನ ಕಾಗದಗಳನ್ನು ಅವನು ಏಳು ಮುದ್ರೆ ಹಾಕಿಸಿ ಕಳಿಸಿದ್ದ. ಅವು ಬೇರೆಯದೇ ಇಲಾಖೆಗೆ ಹೋಗಿ, ಆರು ತಿಂಗಳ ಮೇಲೆ ಆ ವೈದ್ಯನಿಗೆ ಡೊಂಬ್ರಾ ವಾದ್ಯ ಕಲಿಸುವ ಅರ್ಹತೆ ಇದೆಯೆಂದು ಪತ್ರ ಬಂತು. ಪಾಪ, ವೈದ್ಯ ಈಗಲೂ ಡೊಂಬ್ರಾ ಕಲಿಸುತ್ತಾನೆ. ಹಲ್ಲುನೋವಿರುವ ಶಿಷ್ಯರಿಗೆ ಅದರಿಂದ ಅನುಕೂಲವೇ ಆಗಿದೆ.

ಅಕ್ಟೋಬರ್ ಕೊನೆಯಲ್ಲಿ ಒಂದು ದಿನ ಕುಲಾಂದಾ ಬಂದಳು. ನಲವತ್ತರ ಹತ್ತಿರದ ಹೆಣ್ಣುಮಗಳು, ಕೈಯಲ್ಲಿ ಹಿಟ್ಟಿನ ಕಲೆ, ಬಟ್ಟೆಯಲ್ಲಿ ಸುತ್ತಿದ ಪದವಿಪತ್ರ.

"ಏನು ಓದಿದೀಯಮ್ಮಾ?" ಎಂದು ಎಸಿರ್ಕೆಪ್ ಲೇಖನಿ ಬಿಚ್ಚಿದ.

"ಎಂಜಿನಿಯರ್ ಅಣ್ಣಾ. ಮಂಗೋಲಿಯಾದಲ್ಲಿ ಶಾಖ ಕೇಂದ್ರದಲ್ಲಿ ಹದಿನಾಲ್ಕು ವರ್ಷ ಇದ್ದೆ. ಊರಿಗೆಲ್ಲ ಬಿಸಿನೀರು ಹೋಗೋ ಕೊಳವೆ ಇರ್ತಾವಲ್ಲ, ಅದರ ಬೆಸುಗೆ ಸರಿಯಾಗಿದ್ಯೋ ಇಲ್ವೋ ನೋಡಿ ಹೇಳ್ತಿದ್ದೆ."

"ಯಾತರ ಕೊಳವೆ?"

ಕುಲಾಂದಾ ನರಿಟೋಪಿಗಳ ಕಡೆ ನೋಡಿದಳು. "ಅದೇ, ಗಟ್ಟಿಯಾಗಿರತ್ತಲ್ಲ... ಅದರದು."

"ಗಟ್ಟಿಯಾಗಿರೋದು ಬೇಕಾದಷ್ಟಿದೆ. ಯಾವುದು?"

"ಕಪ್ಪಗಿರತ್ತೆ. ಮಳೇಲಿ ಬಿಟ್ರೆ ಕೆಂಪಾಗತ್ತೆ."

ಎಸಿರ್ಕೆಪ್ ಸ್ವಲ್ಪ ಯೋಚಿಸಿ ಅರ್ಜಿಯಲ್ಲಿ 'ಜೇಡಿಮಣ್ಣು' ಎಂದು ಬರೆದ.

ಅವಳ ಕಥೆ ಇಷ್ಟು. ಗಂಡ ಮುರಾಗೆರ್ ದೂರದ ಗಣಿಯಲ್ಲಿ ಲಾರಿ ಓಡಿಸುತ್ತಾನೆ, ತಿಂಗಳಿಗೊಮ್ಮೆ ಮನೆ. ಮನೆಯಲ್ಲಿ ಅವಳು, ಇಬ್ಬರು ಹೆಣ್ಣುಮಕ್ಕಳು, ಮಾವ. ಇಲ್ಲಿಗೆ ಬಂದು ಎರಡು ವರ್ಷದಿಂದ ಅವಳು ಬಸ್ ನಿಲ್ದಾಣದ ಭೋಜನಾಲಯದಲ್ಲಿ ಮಂತಿ ಎಂಬ ಮಾಂಸದ ಕಡುಬಿನ ಅಂಚು ಮಡಿಸುತ್ತಿದ್ದಾಳೆ, ದಿನಕ್ಕೆ ಒಂಬೈನೂರು. ಬೆಸುಗೆ ನೋಡಿ ಪಳಗಿದ ಕಣ್ಣಿಗೆ ಸಿಕ್ಕಿದ ಆ ಕಡುಬುಗಳಲ್ಲಿ ಇಂದಿನವರೆಗೆ ಒಂದೂ ಬಾಯಿ ಬಿಟ್ಟಿಲ್ಲ. ಸಾರಿಕೆಂತ್‌ನ ಶಾಖ ಕೇಂದ್ರದಲ್ಲಿ ತಪಾಸಣೆಯ ಜಾಗ ಖಾಲಿಯಾಗಿದೆ. ನವೆಂಬರ್ ಮುಗಿಯುವುದರೊಳಗೆ ಪದವಿಗೆ ಮಾನ್ಯತೆ ತಂದರೆ ಕೆಲಸ ಅವಳದು, ಇಲ್ಲದಿದ್ದರೆ ಬೇರೆಯವರದು. ಅಂಥ ಜಾಗ ಈ ಊರಿನಲ್ಲಿ ಇನ್ನೊಂದಿಲ್ಲ.

"ಚಿಂತೆ ಬಿಡು," ಎಂದ ಎಸಿರ್ಕೆಪ್. ಅವನು ಹಾಗೆಂದಾಗಲೆಲ್ಲ ಜನ ಚಿಂತೆ ಶುರುಮಾಡಬೇಕಾದ ಹೊತ್ತು ಅದೇ. "ನೊಸ್ತ್ರಿಫಿಕಾತ್ಸಿಯಾ! ಒಂದು ಬಾಯಿಮಾತಿನ ಪರೀಕ್ಷೆ, ಅಷ್ಟೇ." ಅರ್ಜಿಯಲ್ಲಿ ಪರೀಕ್ಷೆಯ ಭಾಷೆ ಯಾವುದೆಂದು ಕೇಳಿತ್ತು. ಅವಳನ್ನು ಒಂದು ಮಾತೂ ಕೇಳದೆ ಅವನು 'ಕಝಾಕ್' ಎಂಬುದಕ್ಕೆ ಅಳಿಸಲಾಗದ ಶಾಯಿಯಲ್ಲಿ ಗುರುತು ಹಾಕಿದ. "ತಾಯ್ನೆಲಕ್ಕೆ ಬಂದ ಮಗಳು ತಾಯ್ನುಡೀಲೇ ಉತ್ತರ ಹೇಳ್ಲಿ. ಏನಂತೀಯಾ?"

ಕುಲಾಂದಾಳ ಮುಖ ಸುಣ್ಣವಾಯಿತು. ಆನಂದಕ್ಕೆ ಹಾಗಾಗಿದೆ ಎಂದು ಎಸಿರ್ಕೆಪ್ ತಿಳಿದ.

ಮರುವಾರದಿಂದ ತಾಲೀಮು ಶುರುವಾಯಿತು. ಅವಳು ಓದಿದ್ದೆಲ್ಲ ಮಂಗೋಲ್ ಭಾಷೆಯಲ್ಲಿ, ಆದ್ದರಿಂದ ಕಝಾಕ್ ಪದಗಳು ಬರುವುದಿಲ್ಲ ಎಂಬುದು ಎಸಿರ್ಕೆಪ್‌ನ ತೀರ್ಮಾನ. ನಾಲ್ಕು ಪುಟದ ಪಟ್ಟಿ ಮಾಡಿದ. ಮೊದಲ ಪದವೇ 'ತೆಮಿರ್', ಅಂದರೆ ಕಬ್ಬಿಣ. ಎರಡನೆಯದು 'ಬೊಲಾತ್', ಉಕ್ಕು.

"ಹೇಳು, ತೆಮಿರ್."

"ಕಪ್ಪನೇದು."

"ಕಪ್ಪನೇದಲ್ಲ. ತೆ-ಮಿರ್."

"ಗೊತ್ತಾಯ್ತು ಅಣ್ಣಾ. ಮುಂದಿನದು?"

"ಬೊಲಾತ್."

"ಕಪ್ಪನೇದರ ತಮ್ಮ."

ಎಸಿರ್ಕೆಪ್ ಮೊಳೆ ತಂದು ತೋರಿಸಿದ, ಬೀಗ ತಂದು ತೋರಿಸಿದ. ಕಿವಿ ಮಂದವಿರಬಹುದೆಂದು ದನಿ ಏರಿಸಿದ. "ಬೊಲಾತ್! ಬೊಲಾತ್!" ಎಂಬ ಕೂಗಿಗೆ ಪಕ್ಕದ ಕೋಣೆಯ ಕುಣಿತದ ತಂಡ ತಾಳ ತಪ್ಪಿ ನಿಂತಿತು. ನಿರ್ದೇಶಕ ಸಾಯ್ಲಾವ್ ಬಾಗಿಲಲ್ಲಿ ತಲೆ ಹಾಕಿದ.

"ಯಾರಪ್ಪಾ ಅದು ಬೊಲಾತ್? ಸಿಕ್ಕಿದ್ನಾ?"

ಕುಲಾಂದಾ ತಲೆಯ ಮೇಲಿನ ವಸ್ತ್ರವನ್ನು ಹಣೆಯವರೆಗೆ ಎಳೆದುಕೊಂಡು ಗೋಡೆಯ ಕಡೆ ತಿರುಗಿಬಿಟ್ಟಳು.

ನಾಲಿಗೆಯಲ್ಲೇ ದೋಷವಿರಬೇಕೆಂದು ಎಸಿರ್ಕೆಪ್ ಅವಳನ್ನು ತನ್ನ ಮಹಡಿಯ ಎದುರುಮನೆಯ ರೌಶಾನ್‌ಳ ಬಳಿ ಕಳಿಸಿದ. ತೊದಲುವ ಮಕ್ಕಳಿಗೆ ಮಾತು ಕಲಿಸುವುದು ಅವಳ ಕಸುಬು. ಅರ್ಧ ಗಂಟೆಯ ಮೇಲೆ ರೌಶಾನ್ ಬಂದು ಹೇಳಿದಳು: "ಏನ್ರೀ ಎಸಿರ್ಕೆಪ್, ಅವಳ ನಾಲಿಗೆ ನನ್ನದಕ್ಕಿಂತ ಚೆನ್ನಾಗಿ ಹೊರಳತ್ತೆ. ನಿಮ್ಮ ಆ ಹಾಳು ಪದ ಇದ್ಯಲ್ಲ, ಉಸಿರು ಕಟ್ಟಿಸೋದು, ಅದನ್ನೂ ಒಂದೇ ಸಲಕ್ಕೆ ಹೇಳಿದ್ಲು."

ತನ್ನ ಪದವನ್ನು ಊರಿನಲ್ಲಿ ಇನ್ನೊಬ್ಬರು ಹೇಳಬಲ್ಲರೆಂಬ ಸುದ್ದಿಗೆ ಎಸಿರ್ಕೆಪ್ ಆ ದಿನ ಸರಿಯಾಗಿ ಊಟ ಮಾಡಲಿಲ್ಲ.

ಪರೀಕ್ಷೆಯ ದಿನ ಬಂತು. ಮಂಡಳಿಯ ಅಧ್ಯಕ್ಷೆ ಅಸಿಯಾ ಕರಿಮೋವ್ನಾ ಮೂವತ್ತು ವರ್ಷ ಕೊಳವೆ ಕಾರ್ಖಾನೆಯಲ್ಲಿ ದುಡಿದವಳು. ಗದ್ದಲದಲ್ಲಿ ಮಾತಾಡಿ ಅಭ್ಯಾಸವಾದ್ದರಿಂದ ಗುಟ್ಟು ಹೇಳಿದರೂ ಅದು ಬೀದಿಗೆ ಕೇಳುತ್ತಿತ್ತು. ಒಂದು ಭಾಷೆ ಎಂದ ಮೇಲೆ ಒಂದೇ ಭಾಷೆ, ನಡುವೆ ರಷ್ಯನ್ ಪದ ಬೆರೆಸಿದರೆ ಅಂಕ ಕತ್ತರಿಸುವುದು ಅವಳ ವ್ರತ. ಎಸಿರ್ಕೆಪ್ ಸಲಹೆಗಾರನ ಗತ್ತಿನಲ್ಲಿ ಮೂಲೆಯ ಕುರ್ಚಿ ಹಿಡಿದ.

"ಕೊಳವೇಲಿ ಬಿರುಕು ಬಂದಿದೆ. ಮೊದಲು ಏನು ನೋಡ್ತೀಯಾ?" ಎಂದಳು ಅಸಿಯಾ ಕರಿಮೋವ್ನಾ.

"ಆ ಕಪ್ಪನೇದರ ತಮ್ಮ ಯಾವ ಜಾತೀದು ಅಂತ ನೋಡ್ತೀನಿ."

ಮಂಡಳಿಯ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಯಾರ ತಮ್ಮ?"

"ಗಟ್ಟಿಯಾದೋನು. ಅವನೊಳಗೆ ಇದ್ದಿಲ ಅಂಶ ಜಾಸ್ತಿ ಇದ್ರೆ ಅವನ ಸ್ವಭಾವ ಒಂಥರಾ, ಕಮ್ಮಿ ಇದ್ರೆ ಒಂಥರಾ."

"ಏನಮ್ಮಾ, ನಾವು ಕೇಳಿದ್ದು ಕೊಳವೆ ವಿಷಯ. ನೀನು ಯಾರದೋ ಸಂಸಾರದ ವಿಷಯ ಹೇಳ್ತಿದೀಯಲ್ಲ!"

ಇಪ್ಪತ್ತು ನಿಮಿಷ ಹೀಗೇ ನಡೆಯಿತು. ಕಪ್ಪನೆಯದು ಕಾಯಿತು, ಅದರ ತಮ್ಮ ತಣಿದ, ಇಬ್ಬರ ನಡುವೆ ಬೆಸುಗೆಯೂ ಆಯಿತು. ಮಂಡಳಿಗೆ ಮಾತ್ರ ಯಾರು ಯಾರಿಗೆ ಏನಾಗಬೇಕೆಂದು ಕೊನೆಗೂ ಗೊತ್ತಾಗಲಿಲ್ಲ. 'ಅಭ್ಯರ್ಥಿಗೆ ತನ್ನ ಕಸುಬಿನ ಮುಖ್ಯ ವಸ್ತುವಿನ ಹೆಸರೇ ತಿಳಿದಿಲ್ಲ' ಎಂದು ಬರೆದು, ಹತ್ತು ದಿನಕ್ಕೆ ಇನ್ನೊಂದೇ ಒಂದು ಅವಕಾಶ ಕೊಟ್ಟು ಕಳಿಸಿದರು.

ಹೊರಗೆ ಮೆಟ್ಟಿಲ ಮೇಲೆ ಎಸಿರ್ಕೆಪ್‌ಗೆ ಪಿತ್ತ ನೆತ್ತಿಗೇರಿತು. "ಎರಡೇ ಎರಡು ಅಕ್ಷರ ಕಣಮ್ಮಾ! ಬೊ-ಲಾತ್! ಅದನ್ನ ಹೇಳೋಕೆ ನಿಂಗೇನು ಕಷ್ಟ?"

ಕುಲಾಂದಾ ಕಣ್ಣೊರೆಸಿಕೊಂಡಳು. "ಅದು ನಮ್ಮನೆ ಹಿರಿಯರದು ಅಣ್ಣಾ. ನಾನು ಬಾಯಿಗೆ ತಗೊಳ್ಳಲ್ಲ." ಅಷ್ಟು ಹೇಳಿ, ಕಡುಬಿನ ಹೊತ್ತಾಯಿತೆಂದು ಓಡಿದಳು.

ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಸಾಧ್ಯವಿರಲಿಲ್ಲ. ಎಸಿರ್ಕೆಪ್ ಅದನ್ನು ಮನೆಗೆ ಹೊತ್ತುಕೊಂಡು ಹೋಗಿ ಹಿಂದೆಮುಂದೆ ತಿರುಗಿಸಿ ನೋಡಿದ. ಉಕ್ಕಿನ ಕೆಲಸ ಮನೆಯ ಹಿರಿಯನಿಗೆ ಸೇರಿದ್ದು. ಅವಳು ಬಾಯಿ ಹಾಕುವಂತಿಲ್ಲ. ಹಾಗಾದರೆ ಆ ಮುದುಕ ಅಪ್ಪಣೆ ಮಾಡಿದ್ದಾನೆ!

"ಒರಿನ್‌ಕುಲ್," ಎಂದು ಹೆಂಡತಿಯನ್ನು ಕರೆದ, "ಅವಳ ಮಾವ ಅವಳನ್ನ ಕೆಲಸಕ್ಕೆ ಬಿಡ್ತಿಲ್ಲ. ಕಬ್ಬಿಣ, ಉಕ್ಕು ಅಂತ ಬಾಯೇ ಬಿಡಬಾರದು ಅಂತ ಕಟ್ಟು ಹಾಕಿದಾನೆ."

"ಅಯ್ಯೋ ಪಾಪಿ!" ಎಂದಳು ಒರಿನ್‌ಕುಲ್. ತಕ್ಷಣ ಎದುರುಮನೆಗೆ ಉಪ್ಪು ಕೇಳಲು ಹೋದಳು.

ಉಪ್ಪು ಐದು ಮಹಡಿ ಸುತ್ತಿತು. ಎರಡನೇ ಮಹಡಿಯಲ್ಲಿ ಮುದುಕ ಸೊಸೆಯ ಪದವಿಪತ್ರವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದ. ನಾಲ್ಕನೆಯದಕ್ಕೆ ಬರುವಾಗ ಸೊಸೆಗೇ ಬೀಗ ಹಾಕಿದ್ದ. ನೆಲಮಹಡಿಯ ನೀನಾ ಪಾವ್ಲೋವ್ನಾಳ ಕಿವಿಗೆ ಬೀಳುವ ಹೊತ್ತಿಗೆ ಅವನ ಕೈಯಲ್ಲಿ ಚಾವಟಿಯೂ ಇತ್ತು. "ಎಸಿರ್ಕೆಪ್, ನೀನು ಗಂಡಸೋ ಅಲ್ವೋ? ಹೋಗಿ ಕೇಳು!" ಎಂದು ಅವಳು ಕಿಟಕಿಯಿಂದಲೇ ಗದರಿದಳು.

ಹೀಗಾಗಿ ಮರುದಿನ ಸಂಜೆ ಎಸಿರ್ಕೆಪ್ ಒಳ್ಳೆಯ ಕೋಟು ತೊಟ್ಟು, ಸರ್ಕಾರಿ ಕಡತವನ್ನು ಕಂಕುಳಲ್ಲಿ ಇಟ್ಟುಕೊಂಡು ಅನ್ಯಾಯವನ್ನು ಎದುರಿಸಲು ಹೊರಟ.

ಬಾಗಿಲು ತೆರೆದವನು ಎಪ್ಪತ್ತೆಂಟರ ಒಬ್ಬ ಸಣ್ಣ ಮುದುಕ. ಬಿಳಿ ಗಡ್ಡ, ಕಾಲಲ್ಲಿ ಮೊಮ್ಮಗಳ ಹೂವಿನ ಚಪ್ಪಲಿ. ಚಾವಟಿ ಕಾಣಲಿಲ್ಲ. ಕೈಯಲ್ಲಿ ಹೆಣೆಯುತ್ತಿದ್ದ ಉಣ್ಣೆಯ ಕಾಲುಚೀಲವಿತ್ತು.

"ಬಾ ತಮ್ಮಾ ಬಾ, ಒಳಗೆ ಬಾ! ಈ ಮನೆಗೆ ಯಾರೂ ಬರಲ್ಲ ನೋಡು," ಎಂದು ಮುದುಕ ಕೈ ಹಿಡಿದೆಳೆದು, ಅತಿಥಿಯ ಗೌರವದ ಜಾಗದಲ್ಲಿ ಮೂರು ದಿಂಬು ಒಟ್ಟಿ ಕೂರಿಸಿದ. ಬಾವುರ್ಸಾಕ್ ಎಂಬ ಕರಿದ ಹಿಟ್ಟಿನುಂಡೆ ಬಂತು, ಒಣಗಿಸಿದ ಗಿಣ್ಣು ಬಂತು. ಪರದೆಯ ಹಿಂದಿನಿಂದ ಕುಲಾಂದಾ ಹಾಲುಚಹಾ ಕಳಿಸಿದಳು, ಬಟ್ಟಲಿನ ತಳಕ್ಕೆ ಎರಡು ಗುಟುಕು ಮಾತ್ರ. ಅತಿಥಿ ಮತ್ತೆ ಮತ್ತೆ ಕೇಳಲಿ, ಬಹಳ ಹೊತ್ತು ಕೂರಲಿ ಎಂಬ ಮರ್ಯಾದೆ ಅದು. ಹೊಟ್ಟೆ ತುಂಬಿದ ಮೇಲೆ ಅನ್ಯಾಯವನ್ನು ಎದುರಿಸುವುದು ಕಷ್ಟ. ಆದರೂ ಎಸಿರ್ಕೆಪ್ ಎದ್ದು ನಿಂತ.

"ಹಿರಿಯರೇ, ನಾನು ನೇರ ಮನುಷ್ಯ. ಸೊಸೆ ದುಡಿದು ಮುಂದೆ ಬಂದ್ರೆ ನಿಮಗೇನು ನಷ್ಟ?"

"ನಷ್ಟಾನಾ? ಅವಳು ಯಾವಾಗ ಎಂಜಿನಿಯರ್ ಆಗ್ತಾಳೆ ಅಂತ ನಾನು ದಿನಾ ಕಾಯ್ತಿದೀನಿ."

"ಬಾಯಲ್ಲಿ ಹಂಗಂತೀರಾ! ಇಷ್ಟು ವರ್ಷದಿಂದ ಈ ಹೆಣ್ಣುಮಗಳ ನಾಲಿಗೆ ಕಟ್ಟಿಹಾಕಿರೋದು ಯಾರು ಹಾಗಾದ್ರೆ?"

ಪರದೆಯ ಹಿಂದಿನಿಂದ ಚಹಾ ಬಂತು. ಈ ಸಲ ಬಟ್ಟಲು ಅಂಚಿನವರೆಗೆ ತುಂಬಿತ್ತು. ಕುಡಿದು ಎದ್ದು ಹೊರಡಿ ಎಂದು ಅದರರ್ಥ. ಎಸಿರ್ಕೆಪ್ ಅದನ್ನು ನೋಡಿದರೂ ನೋಡದವನಂತೆ ಮುಂದುವರಿದ. "ನಾನು ನಿಮ್ಮ ಮೇಲೆ ದೂರು ಬರೀತೀನಿ. ಹೆಸರು ಹೇಳಿ!"

"ಬರಿ ತಮ್ಮಾ, ಪರವಾಗಿಲ್ಲ," ಎಂದ ಮುದುಕ ಗಾಬರಿಯಾಗಿ. "ತೆಮಿರ್‌ಬೊಲಾತ್ ಅಂತ."

"ಹಾಂ, ತೆಮಿರ್‌ಬೊಲಾತ್. ಇಂಥ ಮಾವಂದಿರಿಂದಲೇ ನಮ್ಮ ಹೆಣ್ಣುಮಕ್ಕಳು..." ಎಸಿರ್ಕೆಪ್ ಇನ್ನೂ ಒಂದೂವರೆ ವಾಕ್ಯ ಹೇಳಿದ. ಆಮೇಲೆ ಲೇಖನಿ ಕಾಗದದ ಮೇಲೆ ನಿಂತಿತು. ತೆಮಿರ್. ಬೊಲಾತ್. ಕಬ್ಬಿಣವೂ ಅಲ್ಲೇ ಇತ್ತು, ಉಕ್ಕೂ ಅಲ್ಲೇ ಇತ್ತು.

ಕಝಾಕರಲ್ಲಿ ಸೊಸೆಯಾದವಳು ಗಂಡನ, ಮಾವನ ಹೆಸರೆತ್ತಬಾರದು. ಆ ಹೆಸರು ಯಾವುದಾದರೂ ವಸ್ತುವಿನದಾಗಿದ್ದರೆ ವಸ್ತುವಿಗೂ ಬೇರೆ ಹೆಸರಿಟ್ಟುಕೊಳ್ಳಬೇಕು. ಎಸಿರ್ಕೆಪ್‌ಗೆ ತಿಳಿಯದ್ದೇನಲ್ಲ ಇದು. ಅವನ ಸ್ವಂತ ಅಜ್ಜಿ ಬೆಣ್ಣೆಯನ್ನು ಸಾಯುವತನಕ 'ಜಾರುವಂಥದ್ದು' ಎನ್ನುತ್ತಿದ್ದಳು. ಆದರೆ ಒರಿನ್‌ಕುಲ್ ಗಂಡನ ಹೆಸರನ್ನು ದಿನಕ್ಕೆ ನೂರು ಸಲ, ಅದರಲ್ಲಿ ತೊಂಬತ್ತು ಸಲ ಬೈಗುಳದ ಜೊತೆಗೇ ಹೇಳುತ್ತಿದ್ದುದರಿಂದ, ಅಂಥದೊಂದು ಕಟ್ಟಳೆ ಇರುವುದೇ ಅವನಿಗೆ ಮರೆತುಹೋಗಿತ್ತು.

"ಎರಡನ್ನೂ ಸೇರಿಸಿ ಯಾಕಿಟ್ರು ನಿಮಗೆ?" ಎಂದು ಕ್ಷೀಣವಾಗಿ ಕೇಳಿದ.

"ನನಗಿಂತ ಮುಂಚೆ ಮೂರು ಕೂಸು ಉಳೀಲಿಲ್ಲ. ಇದೊಂದಾದ್ರೂ ಗಟ್ಟಿಯಾಗಿ ನಿಲ್ಲಲಿ ಅಂತ ನಮ್ಮಪ್ಪ ಕೈಗೆ ಸಿಕ್ಕಿದ್ದೆಲ್ಲ ಸೇರಿಸಿಬಿಟ್ಟ."

ಪರದೆಯ ಹಿಂದಿನಿಂದ ಕುಲಾಂದಾಳ ದನಿ ಬಂತು. "ಹಿರಿಯರದು ಅಂತ ನಾನು ಹೇಳಿದ್ನಲ್ಲ ಅಣ್ಣಾ. ನೀವೂ ಕಝಾಕರೇ ಅಲ್ವಾ, ಗೊತ್ತಾಗಿರತ್ತೆ ಅಂದ್ಕೊಂಡೆ. ಗೊತ್ತಿದ್ದೂ ಯಾಕೆ ಹಂಗೆ ಕೂಗಿಸ್ತಾರೆ ಅಂತ ನಂಗೆ ಅಳು ಬರ್ತಿತ್ತು."

ಮುದುಕನಿಗೆ ಎಲ್ಲವನ್ನೂ ಮೊದಲಿನಿಂದ ಹೇಳಬೇಕಾಯಿತು. ಪರೀಕ್ಷೆಯ ಸುದ್ದಿಯನ್ನೇ ಸೊಸೆ ಅವನಿಂದ ಮುಚ್ಚಿಟ್ಟಿದ್ದಳು. ಕೇಳುತ್ತ ಕೇಳುತ್ತ ಅವನು ಕಾಲುಚೀಲ ಕೆಳಗಿಟ್ಟ. "ಹಾಗಾದ್ರೆ ನನ್ನ ಹೆಸರು ಅವಳ ಅನ್ನಕ್ಕೆ ಅಡ್ಡ ಬಂತಾ?" ಎಂದ. ಎಸಿರ್ಕೆಪ್‌ಗೆ ತಲೆ ಎತ್ತಲಾಗಲಿಲ್ಲ. ನಾಚಿಕೆ ಎಂಬುದು ಅವನಿಗೆ ಅಪರೂಪಕ್ಕೆ ಆಗುತ್ತಿತ್ತು, ಆದಾಗ ಕಿವಿಯ ತುದಿಯವರೆಗೂ ಆಗುತ್ತಿತ್ತು.

ಮರುದಿನ ಬೆಳಿಗ್ಗೆ ಹೆಸರು ನೋಂದಣಿ ಕಚೇರಿಯ ಕಿಟಕಿಯಲ್ಲಿ ಇಬ್ಬರೂ ನಿಂತಿದ್ದರು.

"ಹೆಸರು ಬದಲಾಯಿಸೋಕೆ ಕಾರಣ?" ಎಂದಳು ಗುಮಾಸ್ತೆ.

"ಸೊಸೆಗೆ ಕೆಲಸ ಸಿಗ್ತಿಲ್ಲ," ಎಂದ ತೆಮಿರ್‌ಬೊಲಾತ್.

"ಸೊಸೆ ಹೆಸರು ಬದಲಾಯಿಸ್ಬೇಕಾ?"

"ಅಲ್ಲ, ನಂದು."

ಗುಮಾಸ್ತೆ ಎಸಿರ್ಕೆಪ್‌ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಇವರು ಯಾರು?"

"ಮುಖ್ಯ ಸಲಹೆಗಾರ," ಎಂದ ಎಸಿರ್ಕೆಪ್.

"ನಾನೂ ಅಂದ್ಕೊಂಡೆ," ಎಂದಳು ಆಕೆ. "ಸರಿ, ಹೊಸ ಹೆಸರೇನು?"

ಎಸಿರ್ಕೆಪ್ 'ಬಾಲ್ಗಾಬಾಯ್' ಎಂದು ಸೂಚಿಸಿದ. ಮುದುಕ ತಲೆಯಾಡಿಸಿದ. "ಬಾಲ್ಗಾ ಅಂದ್ರೆ ಸುತ್ತಿಗೆ. ಅವಳಿಗೆ ಸುತ್ತಿಗೆ ಬೇಕಾಗತ್ತಲ್ಲ." 'ಒತೆಗೆನ್' ಹೇಗೆ? ಅದರಲ್ಲಿ 'ಒತ್' ಇದೆ, ಅಂದರೆ ಬೆಂಕಿ. ಬೆಂಕಿಯಿಲ್ಲದೆ ಬೆಸುಗೆ ಎಲ್ಲಿ? ಸಾಲಿನಲ್ಲಿ ನಿಂತವರೂ ಒಂದೊಂದು ಹೆಸರು ಕೊಡತೊಡಗಿದರು. ಮಗುವಿನ ಹೆಸರು ಬರೆಸಲು ಬಂದಿದ್ದ ಗಂಡಹೆಂಡತಿ, ತಾವು ಆರಿಸಿಕೊಂಡಿದ್ದ ಹೆಸರನ್ನೇ ಉದಾರವಾಗಿ ಬಿಟ್ಟುಕೊಡಲು ಮುಂದೆ ಬಂದರು. ಕೊನೆಗೆ ಗುಮಾಸ್ತೆ ಗಂಟಲು ಸರಿಮಾಡಿಕೊಂಡು, ಯಾವ ಹೆಸರಾದರೂ ಆಗಲಿ, ಆಗುವುದು ಒಂದು ತಿಂಗಳ ಮೇಲೆ ಎಂದಳು. ಪರೀಕ್ಷೆ ಇದ್ದದ್ದು ಮುಂದಿನ ಶುಕ್ರವಾರ.

ಈ ಸಾಹಸದ ಸುದ್ದಿ ಕೇಳಿ ಕುಲಾಂದಾ, 'ಅತಾ' ಎಂದು ತಾನು ಗೌರವದಿಂದ ಕರೆಯುವ ಮಾವನ ಮೇಲೆ ಮೊದಲ ಸಲ ಸಿಟ್ಟಾದಳು. "ಕಾಗದದಲ್ಲಿ ಬದಲಾದ್ರೆ ನನ್ನ ಮನಸ್ಸಲ್ಲಿ ಬದಲಾಗತ್ತಾ ಅತಾ? ನೀವು ಏನಂತ ಬರ್ಸಿಕೊಂಡ್ರೂ ನನಗೆ ನೀವು ನೀವೇ. ಕಡುಬು ಮಡಿಸ್ಕೊಂಡೇ ಇರ್ತೀನಿ, ಬಿಡಿ."

"ನಾನೇ ಅಪ್ಪಣೆ ಕೊಡ್ತೀನಿ, ಹೇಳು ಮಗಳೇ."

"ನಾಲಿಗೆ ಏಳಲ್ಲ ಅತಾ. ನಾನೇನು ಮಾಡ್ಲಿ?"

ಮುದುಕ ಬಹಳ ಹೊತ್ತು ಗಡ್ಡ ನೀವಿಕೊಂಡ. "ತೊಡಕು ಎಲ್ಲಿದೆ ಹೇಳು? ಹೆಸರೆತ್ತಿದ್ರೆ ಅಗೌರವ ಅನ್ನೋದು ತಾನೇ? ಮದುವೆಯಾಗಿ ಬಂದ ದಿನ ಹೊಸ್ತಿಲಲ್ಲಿ ಮೊಣಕಾಲು ಮಡಿಸಿ ಬಾಗಿದ್ಯಲ್ಲ ನನಗೆ, ಹಾಗೆ ಬಾಗು. ಒಂದು ಸಲ ಹೆಸರು ಹೇಳು, ಒಂದು ಸಲ ಬಾಗು. ಅಗೌರವ ಹುಟ್ಟಿದ ಕೂಡ್ಲೆ ಗೌರವ ಬಂದು ಅದನ್ನ ಎತ್ಕೊಂಡು ಹೋಗ್ಲಿ." ಹಾಗೆಂದು ಎರಡೂ ಅಂಗೈ ಬಿಡಿಸಿ ಹರಸಿ, ಮುಖ ಸವರಿಕೊಂಡ. ಹರಕೆಯಾದ ಮೇಲೆ ಎದುರಾಡುವಂತಿಲ್ಲ.

ಆ ವಾರ ಬಸ್ ನಿಲ್ದಾಣದ ಭೋಜನಾಲಯದಲ್ಲಿ ಕುಲಾಂದಾ ಕಡುಬಿನ ತಟ್ಟೆಗಳ ಮುಂದೆ ತುಟಿ ಅಲ್ಲಾಡಿಸುತ್ತ ಬಾಗುವುದನ್ನು ಕಂಡು, ಗಿರಾಕಿಗಳು ಊಟಕ್ಕೆ ಮೊದಲು ಟೋಪಿ ತೆಗೆಯತೊಡಗಿದರು.

ಶುಕ್ರವಾರ ಬೀದಿಯಲ್ಲಿ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿನ ಚಳಿ. ಪರೀಕ್ಷೆಯ ಕೋಣೆಯಲ್ಲಿ ಮಾತ್ರ ಕೊಳವೆಗಳು ಬಾಣಂತಿಕೋಣೆಯ ಹಾಗೆ ಸೆಕೆ ಎಬ್ಬಿಸಿದ್ದವು. ಆದ್ದರಿಂದ ಬಾಗಿಲನ್ನು ಅರ್ಧ ತೆರೆದಿಟ್ಟರು. ಈ ಸಲ ಸಲಹೆಗಾರನನ್ನು ಒಳಗೆ ಬಿಡಲಿಲ್ಲ. ಎಸಿರ್ಕೆಪ್ ಮತ್ತು ಮುದುಕ ಹೊರಗಿನ ಬೆಂಚಿನ ಮೇಲೆ ಕುಳಿತರು.

"ಮೊದಲಿನ ಪ್ರಶ್ನೆನೇ. ಬಿರುಕು ಬಂದಿದೆ. ಏನು ನೋಡ್ತೀಯಾ?" ಅಸಿಯಾ ಕರಿಮೋವ್ನಾಳ ದನಿ ಮೊಳಗಿತು.

ಎಸಿರ್ಕೆಪ್ ಬಾಗಿಲ ಸಂದಿಯಿಂದ ಇಣುಕಿದ. ಕುಲಾಂದಾ ಎರಡು ಸಲ ಬಾಯಿ ತೆರೆದು ಮುಚ್ಚಿದಳು. ಅವಳು ಹೇಳದಿದ್ದರೆ ಒಂಬೈನೂರು ಕಡುಬು, ನಾಳೆಯೂ, ನಾಡಿದ್ದೂ, ಮುಂದಿನ ವರ್ಷವೂ.

"ಬೊಲಾತ್..." ಎಂದಳು. ಎದೆಯ ಮೇಲೆ ಕೈಯಿಟ್ಟು ಮೊಣಕಾಲು ಮಡಿಸಿ ಬಾಗಿದಳು. "ಬೊಲಾತ್ ಯಾವ ಬಗೇದು ಅಂತ ನೋಡ್ತೀನಿ." ಮತ್ತೆ ಬಾಗಿದಳು.

ಬೆಂಚಿನ ಮೇಲೆ ಮುದುಕ ಬೆಚ್ಚಿಬಿದ್ದ.

"ಸೊಂಟ ನೋವಾ ನಿಂಗೆ?" ಎಂದಳು ಅಧ್ಯಕ್ಷೆ.

"ಇಲ್ಲ. ನಮ್ಮ ಹಿರಿಯರ ಹೆಸರು ಅದು."

ಅಸಿಯಾ ಕರಿಮೋವ್ನಾ, "ಓಹೋ, ಕಪ್ಪನೇದರ ತಮ್ಮ!" ಎಂದಳು. ಎಂದೂ ಇಳಿಯದ ಅವಳ ದನಿ ಆ ದಿನ ಸ್ವಲ್ಪ ಇಳಿಯಿತು. "ನಿಧಾನವಾಗಿ ಹೇಳು, ಅವಸರವಿಲ್ಲ. ಚಳಿಗೆ ಬೊಲಾತ್ ಏನಾಗತ್ತೆ?"

"ನಲವತ್ತು ಡಿಗ್ರಿ ಚಳೀಲಿ ಬೊಲಾತ್ ಪೆಡಸಾಗತ್ತೆ, ಸಣ್ಣ ಪೆಟ್ಟಿಗೂ ಮುರಿಯತ್ತೆ. ಬೆಚ್ಚಗಿಡ್ಬೇಕು."

"ಅದಕ್ಕೇ ದಿನಾ ನನಗೆ ಎರಡೆರಡು ಅಂಗಿ ತೊಡಿಸ್ತಾಳೆ," ಎಂದು ಮುದುಕ ಎಸಿರ್ಕೆಪ್‌ನ ಕಿವಿಯಲ್ಲಿ ಪಿಸುಗುಟ್ಟಿದ.

"ಹಳೇದಾದ ಬೊಲಾತ್ ಒಳಗೆ ದಣಿದಿದ್ರೆ ಹೇಗೆ ಗೊತ್ತಾಗತ್ತೆ?"

"ಹೊರಗಿಂದ ಗೊತ್ತಾಗಲ್ಲ. ನೋಡೋಕೆ ನೆಟ್ಟಗೇ ಇರತ್ತೆ. ಮೆಲ್ಲಗೆ ತಟ್ಟಿ, ಕಿವಿ ಕೊಟ್ಟು ಕೇಳ್ಬೇಕು."

"ಸರಿಯಾಗಿ ಹೇಳಿದ್ಲು," ಎಂದ ಮುದುಕ. "ಯಾರು ತಟ್ತಾರೆ?"

ಪ್ರಶ್ನೆಗಳು ಬಂದವು, ಉತ್ತರಗಳು ಹೋದವು. ಮೊದಮೊದಲು ತಡವರಿಸಿದವಳು ಈಗ ಹದಿನಾಲ್ಕು ವರ್ಷ ಕೊಳವೆಗಳ ಜೊತೆ ಬಾಳಿದವಳ ಹಾಗೆ ಮಾತಾಡುತ್ತಿದ್ದಳು, ಪ್ರತಿ ಬೊಲಾತ್‌ಗೂ ತಪ್ಪದೆ ಬಾಗುತ್ತಿದ್ದಳು. ಎಡಗಡೆ ಕುಳಿತ ಮಂಡಳಿಯ ಸದಸ್ಯ ತನಗರಿವಿಲ್ಲದೆ ತಾನೂ ತಲೆ ಬಾಗಿಸತೊಡಗಿದ್ದ.

"ಕೊನೇ ಪ್ರಶ್ನೆ," ಎಂದಳು ಅಸಿಯಾ ಕರಿಮೋವ್ನಾ. "ನಮ್ಮೂರ ದೊಡ್ಡ ಕೊಳವೆ ಐವತ್ತು ವರ್ಷದ್ದು. ಪೂರ್ತಿ ಕಿತ್ತು ಎಸೀರಿ ಅಂತಾರೆ ಕೆಲವರು. ಹಳೇ ಬೊಲಾತ್‌ನ ಹೊಸದಕ್ಕೆ ಬೆಸೀಬಹುದಾ?"

"ಬೆಸೀಬಹುದು. ಹಳೇ ಬೊಲಾತ್‌ನ ಎಸೀಬಾರದು. ಆದ್ರೆ ಮೊದಲು ಎರಡೂ ಕಡೆ ಬಿಸಿ ಮಾಡ್ಕೋಬೇಕು, ಆಮೇಲೆ ನಿಧಾನವಾಗಿ ಆರೋಕೆ ಬಿಡ್ಬೇಕು. ಅವಸರ ಮಾಡಿದ್ರೆ ಬೆಸುಗೆ ಪಕ್ಕದಲ್ಲೇ ಬಿರುಕು ಬಿಡತ್ತೆ."

ಮುದ್ರೆ ಒತ್ತಿದ ಸದ್ದು ಬೀದಿಗೆ ಕೇಳುವಂತೆ ಬಂತು. ಡಿಸೆಂಬರ್ ಒಂದರಿಂದ ಕೆಲಸ. ಕುಲಾಂದಾ ಕಾಗದ ಹಿಡಿದು ಹೊರಗೆ ಬಂದು, ಮಾವನ ಮುಂದೆ ಕೊನೆಯ ಸಲ ಬಾಗಿದಳು. ಮುದುಕ ಅವಳ ಹಣೆಗೆ ಮುತ್ತಿಟ್ಟ. ಭೋಜನಾಲಯದಲ್ಲಿ ಗೆಳತಿಯರು ಕಾಯುತ್ತಿದ್ದಾರೆಂದು ಅವಳು ಅಳುತ್ತಲೇ ನಗುತ್ತ ಮೆಟ್ಟಿಲಿಳಿದಳು.

ತನ್ನ ಸಲಹೆ ಫಲಿಸಿತೆಂದು ಎಸಿರ್ಕೆಪ್ ಕೋಟು ಕೊಡವಿಕೊಂಡ. ಮುದುಕ ಮಾತ್ರ ಬೆಂಚಿನಿಂದ ಏಳಲಿಲ್ಲ. ಕೆನ್ನೆ ಒದ್ದೆಯಾಗಿತ್ತು.

"ಬೇಜಾರಾಯ್ತಾ ಹಿರಿಯರೇ? ಅಷ್ಟು ಸಲ ಹೆಸರು ಹೇಳಿಬಿಟ್ಲು ಅಂತ?"

"ನಲವತ್ತೊಂದು ಸಲ," ಎಂದ ಮುದುಕ. "ಬೇಜಾರಲ್ಲ ತಮ್ಮಾ. ನನ್ನ ಹೆಂಡತಿ ನಲವತ್ತೆಂಟು ವರ್ಷ ನನ್ನ 'ಕೇಳಿಸ್ತಾ' ಅಂತ ಕರೆದ್ಲು. ಮಕ್ಕಳಿಗೆ ನಾನು ಅಪ್ಪ, ಸೊಸೆಗೆ ಅತಾ. ಹೆಸರು ಹಿಡಿದು ಕರೀತಿದ್ದೋರು ಗೆಳೆಯರು. ಅವರೆಲ್ಲ ಆ ಕಡೆ ಬೆಟ್ಟದಲ್ಲಿ ಉಳಿದ್ರು, ಅರ್ಧಕ್ಕರ್ಧ ಮಣ್ಣಲ್ಲಿ. ಇಲ್ಲಿ ಗಡ್ಡ ಬೆಳ್ಳಗಿದ್ರೆ ಸಾಕು, ಎಲ್ಲಾರೂ ಅಕ್ಸಕಾಲ್, ಬಿಳಿಗಡ್ಡದ ಹಿರಿಯ. ಎರಡು ವರ್ಷ ಆಯ್ತು. ನೀನು ದೂರು ಬರೀತೀನಿ ಅಂತ ಕೇಳಿದ್ಯಲ್ಲ, ಅವತ್ತೇ ಮೊದಲು ನಾನು ಅದನ್ನ ಬಾಯಿಬಿಟ್ಟು ಹೇಳಿದ್ದು."

ಎಸಿರ್ಕೆಪ್‌ಗೆ ಇದಕ್ಕೆ ಯಾವ ಅರ್ಜಿ ಎಂದು ಹೊಳೆಯಲಿಲ್ಲ. ಮುದುಕನ ತೋಳು ಹಿಡಿದು ಎಬ್ಬಿಸಿ ಬೀದಿಗೆ ಕರೆತಂದ. ಇಬ್ಬರೂ ಚಳಿಯಲ್ಲಿ ಬಸ್ ನಿಲ್ದಾಣದತ್ತ ನಡೆದರು. ಮುದುಕ ಹಿಮದಲ್ಲಿ ನೋಡಿ ನೋಡಿ ಹೆಜ್ಜೆಯಿಡುತ್ತಿದ್ದುದರಿಂದ ಎಸಿರ್ಕೆಪ್ ಹತ್ತು ಮಾರು ಮುಂದಾದ. ಅಲ್ಲಿ ನಿಂತ. ಹಿರಿಯರನ್ನು ಬರೀ ಹೆಸರು ಹಿಡಿದು ಕರೆದರೆ ಬೆನ್ನಿಗೆ ಏಟು ಬೀಳುವ ಊರು ಅದು. ಆದರೂ ಎರಡೂ ಕೈಯನ್ನು ಬಾಯಿಗೆ ಹಿಡಿದು, ಆಟಕ್ಕೆ ಕರೆಯುವ ಹುಡುಗರ ಹಾಗೆ ಬೀದಿಯೆಲ್ಲ ತಿರುಗಿ ನೋಡುವಂತೆ ಕೂಗಿದ:

"ಏಯ್, ತೆಮಿರ್‌ಬೊಲಾತ್!"

ಮುದುಕ ಹಿಮದಲ್ಲಿ ನೆಟ್ಟಗೆ ನಿಂತುಬಿಟ್ಟ.

"ಏನೋ?"

"ಏನಿಲ್ಲ. ಸುಮ್ನೆ ಕರೆದೆ."